ಕೈಗವಸು

ಅಕ್ಕಾ,

ಮೊನ್ನೆ ನಾನು ಕೈ ಚಾಚಿದ ಕೂಡಲೇ ನೀನು ಮಗುವನ್ನೆತ್ತಿಕೊಂಡು ಒಳಕೋಣೆಗೆ ಹೋದೆ. ತಪ್ಪು ನಿನ್ನದಲ್ಲ. ಭಾವನ ಮುಂದೆ "ದಿನಾ ಹುಚ್ಚುನಾಯಿ ರೋಗದ ವೈರಸ್ ಜೊತೇಲೇ ನನ್ನ ಕೆಲಸ" ಅಂತ ಜಂಬ ಕೊಚ್ಚಿದವನು ನಾನೇ.

ನಿಜ ಹೇಳಲು ನಾಚಿಕೆಯಾಗುತ್ತದೆ. ನಮ್ಮ ಲ್ಯಾಬಿನಲ್ಲಿ ಆ ವೈರಸ್ ಇಲ್ಲವೇ ಇಲ್ಲ. ಇರುವುದು ಅದರ ಹೊರಮೈಯ ಒಂದು ಪ್ರೋಟೀನ್ ಮಾತ್ರ. ಅದನ್ನೂ ಸಂಶೋಧನೆಗೆಂದು ಬೇರೆ ಜೀವಕೋಶಗಳಲ್ಲಿ ನಾವೇ ತಯಾರಿಸುತ್ತೇವೆ. ಅದರಿಂದ ಯಾರಿಗೂ ರೋಗ ಬರುವುದಿಲ್ಲ. ನಾನು ಕೈಗವಸು ಹಾಕಿಕೊಳ್ಳುವುದೇ ನನ್ನ ಕೈ ತಾಗಿ ಅದು ಕೆಡಬಾರದೆಂದು.

ಭಾವನಿಗೆ ನೀನೇ ಹೇಳಿಬಿಡು. ನಗುತ್ತಾರೆ, ನಗಲಿ. ಭಾನುವಾರ ಬರುತ್ತೇನೆ. ಕೈ ತೊಳೆದುಕೊಂಡು ಬಾಗಿಲ ಬಳಿಯೇ ಕೂತಿರುತ್ತೇನೆ. ಮನಸ್ಸಾದರೆ ಮಗುವನ್ನು ಒಂದು ಸಲ ನನ್ನ ತೊಡೆಯ ಮೇಲೆ ಮಲಗಿಸು.

ನಿನ್ನ ಬಡಾಯಿಕೋರ ತಮ್ಮ