ಗೆದ್ದವನ ಹೆಸರು

ಮಂಗಳವಾರ, ಹದಿನಾಲ್ಕು

ಮೊಮ್ಮಗ ಇನ್ನೂ ಆಸ್ಪತ್ರೆಯ ಗಾಜಿನ ಪೆಟ್ಟಿಗೆಯಲ್ಲೇ ಇದ್ದಾನೆ. ದಿನ ತುಂಬುವ ಮೊದಲೇ ಬಂದುಬಿಟ್ಟ. ಓಟದಲ್ಲಿ ಜಗತ್ತನ್ನೇ ಗೆದ್ದವನ ಹೆಸರಿಟ್ಟಿದ್ದೇವಲ್ಲ, ಅವಸರ ಇರಲೇಬೇಕು. ನರ್ಸಮ್ಮನಿಗೆ ಹಾಗಂದೆ; ಆಕೆ ನಗಲಿಲ್ಲ. ಇವತ್ತು ಎರಡು ಸಲ ಉಸಿರು ನಿಂತು ಮತ್ತೆ ಬಂತಂತೆ.

ಕೂಸು ಹುಟ್ಟುವ ಮುಂಚೆ ಕುಲಾವಿ ಅಂತಾರೆ. ನಾನು ಬಹುಮಾನದ ಕಪ್ಪನ್ನೇ ಮಾಡಿಟ್ಟಿದ್ದೆ. ಕಪ್ ಮಾರಿಯೇ ಮನೆ ಕಟ್ಟಿದವನು, ಮೊಮ್ಮಗನ ಹೆಸರು ಕೆತ್ತದೆ ಕೈ ಸುಮ್ಮನಿರುತ್ತದೆಯೇ? ಸೊಸೆಯ ಮಂಚದ ಪಕ್ಕ ಇಟ್ಟು ಬಂದಿದ್ದೆ. ಇವತ್ತು ಅದನ್ನು ನನ್ನ ಕೈಗೇ ವಾಪಸ್ ಕೊಟ್ಟಳು.

"ಈ ಹೆಸರು ಬೇಡ ಮಾವ. ಮಗೂಗೆ ಭಾರ ಆಗುತ್ತೆ."

"ಗೆದ್ದವನ ಹೆಸರಮ್ಮ ಅದು."

"ಗೆಲ್ಲೋದು ಯಾರಿಗೆ ಬೇಕು? ಎಲ್ಲರಿಗಿಂತ ಹಿಂದೆ ಬಿದ್ರೂ ಓಡಿ ಮುಗಿಸಿದೋರು ಇರ್ತಾರಲ್ಲ, ಅಂಥೋರ ಹೆಸರು ಹೇಳಿ. ಇಷ್ಟು ವರ್ಷ ಕೆತ್ತಿದ್ದೀರಿ, ಒಂದೂ ಗೊತ್ತಿಲ್ವಾ?"

ಮಾತಿನಲ್ಲಿ ನನ್ನನ್ನು ಸೋಲಿಸಿದವರಿಲ್ಲ. ಇವತ್ತು ಕಪ್ಪನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಆಗಿನಿಂದ ನೆನಪಿಸಿಕೊಳ್ಳುತ್ತಲೇ ಇದ್ದೇನೆ. ಮೊದಲನೆಯವನು, ಎರಡನೆಯವನು, ಮೂರನೆಯವನು. ಅಲ್ಲಿಗೆ ನನ್ನ ಕೆತ್ತನೆ ಮುಗಿಯುತ್ತದೆ. ನಾಲ್ಕನೆಯವನ ಹೆಸರನ್ನು ನನಗೆ ಯಾರೂ ಬರೆದುಕೊಟ್ಟಿಲ್ಲ.

ಫೋನು ಪಕ್ಕದಲ್ಲೇ ಇದೆ. ಬೆಳಗಾಗುವವರೆಗೆ ಅದು ಹೊಡೆದುಕೊಳ್ಳದಿದ್ದರೆ ಸಾಕು. ಆಮೇಲೆ ಕಪ್ಪಿನ ಮೇಲಿನ ಹೆಸರು ಉಜ್ಜಿ ತೆಗೆದು, ಅಲ್ಲಿ— ಫೋನು.