ಏಳನೇ ಕಲಮಿನ ಕತ್ತೆ

ಮಾರ್ಚ್ 10, ಮಂಗಳವಾರ, ಬೆಳಗ್ಗೆ

ಸ್ವಸ್ತಿ ಶ್ರೀ ಸಮಸ್ತ ಯುರೋಪ ಭೂಖಂಡಾಧೀಶ್ವರ, ಆಲ್ಪ್ಸ್ ಪರ್ವತದಿಂದ ಆಡ್ರಿಯಾಟಿಕ್ ಸಮುದ್ರದವರೆಗಿನ ಸಕಲ ಗುಟ್ಟುಗಳ ಏಕೈಕ ಸಂರಕ್ಷಕ, ರಟ್ಟಿನ ಮೇಲೆ ಹಣ್ಣಿನ ಜಾಮಿನ ಕಲೆಯನ್ನು ರಾಜಮುದ್ರೆಯಂತೆ ಧರಿಸಿದ ದಿನಚರಿ ಮಹಾಪ್ರಭುಗಳ ದಿವ್ಯ ಸನ್ನಿಧಾನಕ್ಕೆ — ಸ್ಲೊವೇನಿಯಾ ದೇಶದ ಪ್ತುಯ್ ಪಟ್ಟಣದ ಹೈಸ್ಕೂಲು ವಿದ್ಯಾರ್ಥಿ, ಹದಿನೇಳರ ಪ್ರಾಯದ ಯೋಶ್ಟ್ ಪ್ಲೋಯ್ ಮಾಡುವ ಸಾಷ್ಟಾಂಗ ಪ್ರಣಾಮಗಳು. ಇತ್ತ ಕ್ಷೇಮ. ಬಚ್ಚಲುಮನೆ ಬಾಗಿಲಲ್ಲಿ ಟವೆಲ್ ಹಿಡಿದು ನಿಂತು ಬರೆಯುತ್ತಿದ್ದೇನೆ. ಒಳಗೆ ಅಕ್ಕ ಕೂದಲು ಒಣಗಿಸುತ್ತಿದ್ದಾಳೆ. ಒಂದು ಸಾಮ್ರಾಜ್ಯ ಎದ್ದು ಬೀಳುವಷ್ಟು ಹೊತ್ತಾಯಿತು.

ಮುಂದಿನ ವಾರ ಪ್ರವಾಸ. ಲಕ್ಸೆಂಬರ್ಗಿನ ನ್ಯಾಯಾಲಯ, ಬ್ರಸೆಲ್ಸಿನ ಆಯೋಗ, ಕೊನೆಗೆ ಸ್ಟ್ರಾಸ್‌ಬರ್ಗಿನ ಸಂಸತ್ತು. ಅಲ್ಲಿ ಒಂದು ದಿನ ಎಲ್ಲ ದೇಶಗಳ ಹುಡುಗ ಹುಡುಗಿಯರು ಸದಸ್ಯರ ಕುರ್ಚಿಯಲ್ಲೇ ಕೂತು, ಯುವಜನರ ಬಗ್ಗೆ ಒಂದು ನಿರ್ಣಯ ಚರ್ಚಿಸಿ, ತಿದ್ದಿ, ಮತ ಹಾಕುವುದು. ಪೌರನೀತಿ ಕಲಿಸುವ ಬ್ರೇಡಾ ಕೊಕೊಲ್ ಮೇಡಂ ಎಲ್ಲರಿಗೂ ಕೆಲಸ ಹಂಚಿದರು. ನನಗೆ ಫೋಟೋ ತೆಗೆಯುವ ಕೆಲಸ.

"ಬಾಯಿ ಬಳಸ್ದೇ ಮಾಡೋ ಕೆಲಸ ಇದೊಂದೇ ಇದ್ದಿದ್ದು," ಅಂದರು. "ಯೋಶ್ಟ್, ಅಲ್ಲಿ ನಿನ್ನ ಕೋತಿಚೇಷ್ಟೆ ಏನಾದ್ರೂ ನಡೀತೋ, ವಾಪಸ್ ನಡ್ಕೊಂಡು ಬರ್ತೀಯ."

"ದಾರಿ ಖರ್ಚು ಕೊಡ್ತೀರಾ ಮೇಡಂ?"

ಕೊಡುವುದಿಲ್ಲವಂತೆ. ಈ ನಾಡಿನಲ್ಲಿ ಪ್ರತಿಭೆಗೆ ಬೆಲೆಯಿಲ್ಲ.

ಮಾರ್ಚ್ 13, ಶುಕ್ರವಾರ

ನಮ್ಮ ನಿಯೋಗದಲ್ಲಿ ನಿಜವಾಗಿ ಕೆಲಸ ಮಾಡುತ್ತಿರುವವಳು ಒಬ್ಬಳೇ — ನೇಝಾ ವಿದೋವಿಚ್. ಹಾಲೋಝೆ ಬೆಟ್ಟದವಳು. ಅವಳ ಊರಿನ ಬಸ್ಸು ಕಳೆದ ಸೆಪ್ಟೆಂಬರಿನಲ್ಲಿ ನಿಂತುಹೋಯಿತು. ಹತ್ತುವವರು ಕಡಿಮೆ ಅಂತ. ಅಂದಿನಿಂದ ಕತ್ತಲಲ್ಲೇ ಎದ್ದು ಬೆಟ್ಟ ಇಳಿದು ಹೆದ್ದಾರಿಗೆ ಬರುತ್ತಾಳೆ. ಮೊದಲ ಪೀರಿಯಡ್ಡಿಗೆ ಬೂಟಿನ ತುಂಬ ಕೆಸರು. ಬರುವ ವರ್ಷ ತಮ್ಮನೂ ಪಟ್ಟಣದ ಶಾಲೆಗೆ ಬರಬೇಕು. ಬಸ್ಸಿಲ್ಲದಿದ್ದರೆ ಕಳಿಸುವುದಿಲ್ಲ ಅಂತ ಅಪ್ಪ ಹೇಳಿಬಿಟ್ಟಿದ್ದಾನೆ.

ಊರಿನ ಸಭೆಯಲ್ಲಿ ಎದ್ದು ಕೇಳಿದಳಂತೆ. ಮೇಯರ್ ನಕ್ಕು, "ಹೇಗೂ ಸ್ಟ್ರಾಸ್‌ಬರ್ಗಿಗೆ ಹೋಗ್ತಿದ್ದೀಯಲ್ಲಮ್ಮ, ಯುರೋಪ್ ಹೇಳ್ಲಿ ಬಿಡು. ಅಲ್ಲಿ ಪಾಸಾದ ಕಾಗದ ತಂದುಕೊಡು, ಮಾರನೇ ದಿನಾನೇ ಬಸ್ಸು ಬಿಡ್ತೀನಿ" ಅಂದನಂತೆ. ತಮಾಷೆಗೆ. ಆದರೆ ಊರೆಲ್ಲ ಕೇಳಿಸಿಕೊಂಡಿತು. ಪಾದ್ರಿಯೂ ಕೇಳಿಸಿಕೊಂಡರು. ಈಗ ಮೇಯರ್ ಹಿಂದೆ ಸರಿಯುವ ಹಾಗಿಲ್ಲ, ನೇಝಾ ಬರಿಗೈಲಿ ಬರುವ ಹಾಗಿಲ್ಲ.

ಅವಳ ತಿದ್ದುಪಡಿ, ನಿರ್ಣಯದ ಏಳನೇ ಕಲಮಿಗೆ: ಶಾಲೆಗೆ ಹೋಗುವ ಮಕ್ಕಳಿರುವ ಪ್ರತಿ ಊರಿಗೂ ಬೆಳಗ್ಗೆ ಒಂದು, ಸಂಜೆ ಒಂದು ಬಸ್ಸು. ಇಷ್ಟೇ. ಜನವರಿಯಿಂದ ಇದನ್ನೇ ಕುಟ್ಟಿ ಕುಟ್ಟಿ ಸಣ್ಣ ಮಾಡಿದ್ದಾಳೆ.

"ಚೆನ್ನಾಗಿದ್ಯೇನೋ?"

"ಅಲಂಕಾರ ಸಾಲದು. 'ಬಸ್ಸೆಂಬ ನಾಲ್ಕು ಚಕ್ರದ ಆಶಾಕಿರಣ' ಅಂತ ಸೇರಿಸು."

"ಬಸ್ಸಿಗೆ ಆರು ಚಕ್ರ ಕಣೋ. ಊರಲ್ಲಿ ಬಸ್ಸು ನೋಡಿ ಎಷ್ಟೋ ದಿನ ಆಗಿರೋದು ನನಗೆ, ನಿನಗಲ್ಲ."

ಮಾರ್ಚ್ 16, ಸೋಮವಾರ, ಲಕ್ಸೆಂಬರ್ಗ್

ರಾತ್ರಿಯೆಲ್ಲ ಬಸ್ಸು. ಕತ್ತು ಒಂದು ಕಡೆಗೇ ನಿಂತಿದೆ.

ನ್ಯಾಯಾಲಯ. ನ್ಯಾಯಾಧೀಶರ ಪೀಠ ಖಾಲಿ. ಆದರೂ ಸಂಪ್ರದಾಯ ಮುಖ್ಯವೆಂದು ಪೀಠಕ್ಕೆ ಸೊಂಟ ಬಗ್ಗಿಸಿ ನಮಸ್ಕರಿಸಿದೆ. ಹಿಂದಿದ್ದವರು ಹೀಗೇ ಮಾಡಬೇಕೇನೋ ಅಂದುಕೊಂಡು ಬಗ್ಗಿದರು. ಅವರ ಹಿಂದೆ ಬಂದ ಸ್ಪೇನಿನ ಗುಂಪೂ ಬಗ್ಗಿತು. ಕೊನೆಗೆ ಕೊಕೊಲ್ ಮೇಡಂ ಕೂಡ — ಅರ್ಧ ಬಗ್ಗಿ, ನನ್ನ ಮುಖ ನೋಡಿ, ಅಲ್ಲೇ ನಿಂತರು. ಫೋಟೋ ತೆಗೆದೆ. ನನ್ನ ಕೆಲಸ ತಾನೇ.

ಮಾರ್ಚ್ 18, ಬುಧವಾರ, ಬ್ರಸೆಲ್ಸ್

ಆಯೋಗದ ಕಟ್ಟಡದಲ್ಲಿ ಭಾಷಣ. ಮೀನುಗಾರಿಕೆ ಹಂಚಿಕೆಯ ಬಗ್ಗೆ. ನಮ್ಮ ದೇಶದ ಕಡಲತೀರ ಒಂದು ಬೆಳಗಿನಲ್ಲಿ ಸೈಕಲ್ಲಿನಲ್ಲಿ ಮುಗಿಯುತ್ತದೆ. ಆದರೂ ತಲೆ ಅಲ್ಲಾಡಿಸಿದೆವು.

ಸಂಜೆ, ಆಲೂಗಡ್ಡೆ ಫ್ರೈ ಕೊಳ್ಳುವ ಸಾಲಿನಲ್ಲಿ ನಿಂತಾಗ ನನ್ನೊಳಗಿನ ರಾಜನೀತಿಜ್ಞ ಜಾಗೃತನಾದ. ತಿದ್ದುಪಡಿ ಕಳಿಸಲು ಇವತ್ತೇ ಕೊನೆ. ಫೋನಿನಲ್ಲೇ ಬರೆದೆ:

"ಏಳನೇ ಕಲಮನ್ನು ಪೂರ್ತಿ ತೆಗೆದುಹಾಕಿ ಹೀಗೆ ಓದಿಕೊಳ್ಳುವುದು: ಯುರೋಪಿನ ಪ್ರತಿ ಯುವಕ ಯುವತಿಗೂ ಒಕ್ಕೂಟವು ಒಂದು ಕತ್ತೆಯನ್ನು ಒದಗಿಸತಕ್ಕದ್ದು. ಸದರಿ ಕತ್ತೆಯು ಎಲ್ಲ ಅಧಿಕೃತ ಭಾಷೆಗಳಲ್ಲೂ 'ನಿಲ್ಲು' ಎಂಬುದನ್ನು ಅರಿತಿರತಕ್ಕದ್ದು, ಮತ್ತು ಯಾವ ಭಾಷೆಯಲ್ಲೂ ನಿಲ್ಲತಕ್ಕದ್ದಲ್ಲ."

ಬೇರೆ ಕಲಮುಗಳೂ ಇದ್ದವು. ಆದರೆ ಏಳರಲ್ಲಿ ನೇಝಾ ಇದ್ದಾಳೆ. ಪಟ್ಟಿಯಲ್ಲಿ ಮೇಲೆ ಕೆಳಗೆ ಇರೋಣ, ಅಕ್ಕಪಕ್ಕದ ಮನೆಯವರ ಹಾಗೆ — ಅಂತ ಅನ್ನಿಸಿತು. ಇದನ್ನು ಇಲ್ಲಿಗೇ ಬಿಡೋಣ, ಪ್ರಭು.

ಮೂರು ದೇಶಗಳ ಬೆಂಬಲ ಬೇಕು. ಫ್ರೈ ಮುಗಿಯುವುದರೊಳಗೆ ಹನ್ನೊಂದು ಬಂತು. ಫಿನ್ಲೆಂಡಿನ ಓನ್ನಿ ಎಂಬ ಹುಡುಗ ಬರೆದ: "ನಮ್ಮಲ್ಲಿ ಕತ್ತೆ ಚಳಿಗೆ ಸಾಯತ್ತೆ. ಹಿಮಸಾರಂಗ ನಡೆಯತ್ತಾ?" ಪರಿಶೀಲಿಸಲಾಗುವುದು ಎಂದು ಉತ್ತರಿಸಿದೆ.

ಮಾರ್ಚ್ 19, ಗುರುವಾರ, ಸ್ಟ್ರಾಸ್‌ಬರ್ಗಿನ ದಾರಿ

ಮತದಾನದ ಪಟ್ಟಿ ಬಂದಿದೆ. ಕೊಕೊಲ್ ಮೇಡಂ ಬಸ್ಸಿನ ಮೈಕಿನಲ್ಲಿ ಓದುತ್ತಿದ್ದರು. ಏಳನೇ ಕಲಮಿಗೆ ಬಂದಾಗ ದನಿ ನಿಂತಿತು.

"ಯೋಶ್ಟ್ ಪ್ಲೋಯ್. ಮುಂದೆ ಬಾ."

ಹೋದೆ. ನಿಯಮ ಹೇಳಿದರು. ಒಂದೇ ಕಲಮಿಗೆ ಎರಡು ತಿದ್ದುಪಡಿ ಇದ್ದರೆ, ಮೂಲದಿಂದ ಯಾವುದು ಅತಿ ದೂರವೋ ಅದಕ್ಕೆ ಮೊದಲು ಮತ. ಅದು ಪಾಸಾದರೆ ಮಿಕ್ಕಿದ್ದು ತಾನಾಗಿಯೇ ಬಿದ್ದುಹೋಗುತ್ತದೆ, ಮತಕ್ಕೇ ಬರುವುದಿಲ್ಲ. ಜಗತ್ತಿನಲ್ಲಿ ಕತ್ತೆಗಿಂತ ದೂರ ಯಾವುದಿದೆ? ಕತ್ತೆ ಮೊದಲು. ಬಸ್ಸು ಆಮೇಲೆ. ಕತ್ತೆ ಗೆದ್ದರೆ ಬಸ್ಸಿಲ್ಲ.

"ಇದನ್ನ ಫೆಬ್ರವರಿಲಿ ಎರಡು ಪೀರಿಯಡ್ ಪಾಠ ಮಾಡಿದ್ದೆ ಕಣೋ," ಅಂದರು ಮೇಡಂ. ಬೈದಿದ್ದರೆ ಚೆನ್ನಾಗಿತ್ತು. ಬೈಯಲಿಲ್ಲ.

ಆ ಎರಡೂ ಪೀರಿಯಡ್ ಮೇಡಂ ಚಿತ್ರ ಬರೆಯುತ್ತಿದ್ದೆ. ಒಳ್ಳೆಯ ಚಿತ್ರ.

ನೇಝಾ ಕಿಟಕಿ ಕಡೆ ನೋಡುತ್ತ ಕೂತಿದ್ದಳು. ಹೋಗಿ ಪಕ್ಕದಲ್ಲಿ ನಿಂತೆ.

"ಎಷ್ಟು ಜನ ಬೆಂಬಲ ಕೊಟ್ಟಿದ್ದಾರೆ ನಿನ್ನ ಕತ್ತೆಗೆ?"

"ಈಗ... ಇನ್ನೂರು ದಾಟಿದೆ."

"ನನ್ನ ಬಸ್ಸಿಗೆ ಆರು." ಇನ್ನೂ ಕಿಟಕಿಯನ್ನೇ ನೋಡುತ್ತಿದ್ದಳು. "ನನ್ನ ತಮ್ಮನಿಗೆ ಏನಂತ ಹೇಳ್ಲಿ? ಕತ್ತೆ ಬರತ್ತೆ ಇರು ಅಂತಾನಾ?"

"ನೇಝಾ, ನಾಳೆ ಹಿಂದಕ್ಕೆ ತಗೋತೀನಿ. ಬರೆದವನು ನಾನು, ಅಳಿಸೋನೂ ನಾನೇ. ಒಂದು ನಿಮಿಷದ ಕೆಲಸ."

"ನಿನ್ನ ಎಲ್ಲಾ ಕೆಲಸಾನೂ ಒಂದು ನಿಮಿಷದ್ದೇ."

ಇರಲಿ. ಸಂಕಟ ಬಂದಾಗಲೇ ಮಹಾಪುರುಷರು ಗೊತ್ತಾಗುವುದು. ನಾಳೆ ಗೊತ್ತಾಗುತ್ತೇನೆ.

ಮಾರ್ಚ್ 20, ಶುಕ್ರವಾರ, ಬೆಳಗ್ಗೆ

ಟೈ ಕಟ್ಟಿದೆ. ಅಪ್ಪನದು. ಹೊಕ್ಕುಳ ದಾಟಿ ಹೋಗುತ್ತದೆ. ಗಾಂಭೀರ್ಯ ಹೆಚ್ಚಿದೆ.

ಅದೇ ದಿನ, ಸಂಜೆ

ಕ್ರಮವಾಗಿ ಬರೆಯುತ್ತೇನೆ.

ಅರ್ಧಚಂದ್ರದ ಸಭಾಂಗಣ. ಸುತ್ತಲೂ ಮೇಲೆ ಗಾಜಿನ ಗೂಡುಗಳಲ್ಲಿ ದುಭಾಷಿಗಳು. ಇವತ್ತಿಗೆ ಆರಿಸಿಬಂದ ಅಧ್ಯಕ್ಷೆ ಪೋರ್ಚುಗಲ್ಲಿನ ಹುಡುಗಿ, ಇಪ್ಪತ್ತು ವರ್ಷದಿಂದ ಇದೇ ಕೆಲಸ ಮಾಡಿದವಳ ಹಾಗಿದ್ದಳು. ಏಳನೇ ಕಲಮು ಬಂತು. ಎದ್ದೆ. ಟೈ ಸರಿಮಾಡಿಕೊಂಡೆ.

"ಮಾನ್ಯ ಅಧ್ಯಕ್ಷರೇ, ನನ್ನ ತಿದ್ದುಪಡಿಯನ್ನು ಹಿಂತೆಗೆದುಕೊಳ್ಳುತ್ತೇನೆ."

ಸಭೆಯೆಲ್ಲ "ಅಯ್ಯೋ" ಅಂದಿತು. ಕೂತೆ. ನೇಝಾಳ ಕಡೆ ನೋಡಿ ಹುಬ್ಬು ಹಾರಿಸಿದೆ. ನೋಡಿದೆಯಾ, ಒಂದು ನಿಮಿಷ.

ಆಗ ಆ ತುದಿಯಲ್ಲಿ ಬಿಳಿ ಕೂದಲ ಒಬ್ಬ ಎದ್ದ. ಓನ್ನಿ.

"ಅಧ್ಯಕ್ಷರೇ, ಬರೆದವರು ಕೈಬಿಟ್ಟ ತಿದ್ದುಪಡೀನ ಬೇರೆ ಸದಸ್ಯರು ಎತ್ಕೋಬಹುದು ಅಂತ ನಿಯಮ ಇದೆ. ಈ ಕತ್ತೆನ ನಾನು ಎತ್ಕೋತೀನಿ."

ಚಪ್ಪಾಳೆ. ಕೆಲವರು ಮೇಜು ಕುಟ್ಟಿದರು. ಫಿನ್ಲೆಂಡಿನಲ್ಲಿ ಫೆಬ್ರವರಿಯ ಪಾಠ ಎಲ್ಲರೂ ಕೇಳಿಸಿಕೊಳ್ಳುತ್ತಾರೆ ಅಂತ ಕಾಣುತ್ತದೆ.

"ವಿರೋಧ ಮಾತಾಡೋರು ಯಾರಾದ್ರೂ?" ಅಧ್ಯಕ್ಷೆ ಕೇಳಿದಳು.

ನೇಝಾ ಏಳಲು ಹೋದಳು. ಅವಳಿಗಿಂತ ಮೊದಲು ನಾನು ಎದ್ದಿದ್ದೆ. ಯಾಕೆ ಎದ್ದೆನೋ ಗೊತ್ತಿಲ್ಲ. ಕಾಲು ಎದ್ದಿತು, ನಾನು ಜೊತೆಗೆ ಹೋದೆ.

"ಸನ್ಮಾನ್ಯ ಕತ್ತೆಪ್ರಿಯರೇ," ಅಂದೆ, ನಮ್ಮ ಭಾಷೆಯಲ್ಲಿ. ಅಭ್ಯಾಸಬಲ. ಮೊದಲು ನಮ್ಮ ಸಾಲು ನಕ್ಕಿತು. ಒಂದು ಕ್ಷಣ ಬಿಟ್ಟು ಫ್ರೆಂಚರು. ಅವರಾದ ಮೇಲೆ ಗ್ರೀಕರು. ದುಭಾಷಿಯ ಬಾಯಿಂದ ಕಿವಿಗೆ ತಲುಪಿದ ಹಾಗೆ ನಗು ಸಭಾಂಗಣದ ಸುತ್ತ ಓಡಿತು. ಎಷ್ಟು ಸುಖ ಅದು, ಪ್ರಭು! ಅಲ್ಲೇ ಇದ್ದುಬಿಡಬಹುದಿತ್ತು.

ಆಮೇಲೆ ಹೇಳಿದೆ. ಹೇಗೆ ಬಂತೋ ಹಾಗೆ.

"ಇದನ್ನ ಬರೆದಾಗ ನನ್ನ ಕೈಲಿ ಫ್ರೈ ಪೊಟ್ಟಣ ಇತ್ತು. ಇದರ ಕೆಳಗಿರೋದನ್ನ ಬರೆದವಳು ನನ್ನ ಪಕ್ಕ ಕೂತಿದ್ದಾಳೆ. ಅವಳ ಊರಿಗೆ ಬಸ್ಸಿಲ್ಲ. ದಿನಾ ಕತ್ತಲಲ್ಲಿ ಬೆಟ್ಟ ಇಳೀತಾಳೆ. ಕ್ಲಾಸಲ್ಲಿ ಅವಳ ಬೂಟಿನ ಕೆಸರು ನೋಡಿ ಮೊದಲು ನಕ್ಕಿದ್ದೂ ನಾನೇ. ಕತ್ತೆ ನನಗೂ ಇಷ್ಟ. ಆದ್ರೆ ನಾವೆಲ್ಲ ಮನೆಗೆ ಹೋಗಿ ಇದನ್ನ ಹೇಳ್ಕೊಂಡು ನಗ್ತೀವಿ, ಅವಳು ಮನೆಗೆ ಹೋಗಿ ಬೆಟ್ಟ ಇಳೀಬೇಕು. ಬೇಡ ಅನ್ನಿ. ದಯವಿಟ್ಟು."

ಮೌನವೂ ಹಾಗೇ ಓಡಿತು. ಮೊದಲು ನಾವು, ಆಮೇಲೆ ಫ್ರೆಂಚರು, ಕೊನೆಗೆ ಗ್ರೀಕರು.

ಮತ. ಹಸಿರು ಗುಂಡಿ ಪರ, ಕೆಂಪು ವಿರೋಧ. ದೊಡ್ಡ ಪರದೆ ಮಿನುಗಿತು.

ಪರ 214. ವಿರೋಧ 214.

ಅಧ್ಯಕ್ಷೆ ಪಕ್ಕದ ಅಧಿಕಾರಿಯ ಕಿವಿಯಲ್ಲಿ ಏನೋ ಕೇಳಿದಳು. ಮೈಕಿಗೆ ಬಗ್ಗಿದಳು.

"ಸಮ ಬಂದರೆ ಬಿದ್ದಂತೆ. ಕತ್ತೆ ತಿರಸ್ಕೃತ."

ಬಸ್ಸು ಮತಕ್ಕೆ ಬಂತು. ಪಾಸು. ಭಾರಿ ಬಹುಮತ. ಓನ್ನಿಯೂ ಕೈ ಮೇಲೆತ್ತಿ ಚಪ್ಪಾಳೆ ಹೊಡೆದ. ಅವನಿಗೆ ಯಾರ ಮೇಲೂ ಕೋಪವಿರಲಿಲ್ಲ, ನಿಯಮದ ಮೇಲೆ ಪ್ರೀತಿ ಅಷ್ಟೇ. ನೇಝಾ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಳು. ಅಳುತ್ತಿದ್ದಾಳೆ ಅಂದುಕೊಂಡೆ. ನಗುತ್ತಿದ್ದಳು.

ಪರದೆಯ ಫೋಟೋ ಮೇಯರಿಗೆ ಕಳಿಸಿದಳು. ಬಹಳ ಹೊತ್ತಿನ ಮೇಲೆ ಉತ್ತರ: "ಮುದ್ರೆ ಇರೋ ಪ್ರತಿ ತಗೊಂಡು ಬಾರಮ್ಮ. ಕೂತು ಮಾತಾಡೋಣ." ಹಿಂದೆಯೇ ಇನ್ನೊಂದು: "ಪಾದ್ರಿಗಳು ಬೆಳಗ್ಗೆಯಿಂದ ಮೂರು ಸಲ ಫೋನ್ ಮಾಡಿದ್ದಾರೆ. ಬಸ್ಸು ಬರತ್ತೆ."

ಮಾರ್ಚ್ 21, ಶನಿವಾರ, ಬಸ್ಸಿನಲ್ಲಿ

ಮ್ಯೂನಿಕ್ ದಾಟಿದೆವು. ನಾನು ಕೀರ್ತಿಯ ಶಿಖರದಲ್ಲಿ ಕೂತಿದ್ದೇನೆ. ಅಂದರೆ ಡ್ರೈವರನ ಹಿಂದಿನ ಸೀಟು, ಯಾವತ್ತೂ ಮೇಡಂ ಬಿಟ್ಟುಕೊಡದ್ದು.

ಮೇಡಂ ಮೈಕಿನಲ್ಲಿ ಹೇಳಿದರು: "ಈ ಹುಡುಗ ತಾನು ಹುಟ್ಟಿಸಿದ ಕತ್ತೆನ ತಾನೇ ಎದ್ದು ನಿಂತು ವಿರೋಧಿಸಿದ. ಇಪ್ಪತ್ತೆರಡು ವರ್ಷದಿಂದ ಪಾಠ ಮಾಡ್ತಿದ್ದೀನಿ, ಇದನ್ನ ಪುಸ್ತಕದಲ್ಲಿ ಮಾತ್ರ ಓದಿದ್ದೆ." ಎಲ್ಲರೂ ಚಪ್ಪಾಳೆ ತಟ್ಟಿದರು. ಎದೆಯ ಮೇಲೆ ಕೈಯಿಟ್ಟು ಸ್ವೀಕರಿಸಿದೆ.

ನೇಝಾ ಬಂದು ಪಕ್ಕದಲ್ಲಿ ಕೂತಳು. ಅವಳ ಅಮ್ಮ ಕಟ್ಟಿಕೊಟ್ಟ ಆಕ್ರೋಡಿನ ಸುರುಳಿ ಕೇಕಿನಲ್ಲಿ ದೊಡ್ಡ ತುಂಡು ನನಗೆ, ಚಿಕ್ಕದು ಅವಳಿಗೆ.

"ಲೆಕ್ಕ ಹಾಕ್ದೆ ಕಣೋ. ನೀನು ಹಸಿರು ಒತ್ತಿದ್ದಿದ್ರೆ ಅದು ಇನ್ನೂರ ಹದಿನೈದು ಆಗ್ತಿತ್ತು. ನನ್ನ ಬಸ್ಸು ಅಲ್ಲೇ ಹೋಗ್ತಿತ್ತು. ಒಂದೇ ಒಂದು ಮತ. ನಿಂದು."

"ಕರ್ತವ್ಯ," ಅಂದೆ.

"ಮನೆಗೆ ಹೋಗಿ ತಮ್ಮನಿಗೆ ನಿನ್ನ ಹೆಸರೇ ಹೇಳ್ತೀನಿ."

ಈಗ ನಿದ್ದೆ ಹೋಗಿದ್ದಾಳೆ. ತಲೆ ನನ್ನ ಭುಜಕ್ಕೆ ಬಂದಿದೆ. ಎಡಗೈ ಅಲ್ಲಾಡಿಸದೆ ಬರೆಯುತ್ತಿದ್ದೇನೆ.

ಮಹಾಪ್ರಭು, ಒಂದು ಸಣ್ಣ ವಿಷಯ. ಸಭೆಯ ನಡಾವಳಿಯಲ್ಲಿ ಇರುವುದಿಲ್ಲ, ಯಾರು ಏನು ಒತ್ತಿದರು ಅಂತ ನಮ್ಮ ಮತದಾನದಲ್ಲಿ ದಾಖಲಾಗುವುದಿಲ್ಲ. ಬೆರಳು ಕೆಂಪಿನ ಮೇಲೆಯೇ ಇತ್ತು. ದೇವರಾಣೆ. ಅಷ್ಟರಲ್ಲಿ ಪರದೆ ನೋಡಿದೆ. 'ಕಲಮು ಏಳು: ಕತ್ತೆ. ಮೊದಲು ಮಂಡಿಸಿದವರು: ಯೋಶ್ಟ್ ಪ್ಲೋಯ್, ಸ್ಲೊವೇನಿಯಾ.' ಆಳೆತ್ತರದ ಅಕ್ಷರ. ಎಷ್ಟು ಚೆನ್ನಾಗಿ ಕಾಣುತ್ತಿತ್ತು. ಗೆದ್ದುಬಿಟ್ಟರೆ ಹೇಗಿರುತ್ತೆ ಅಂತ ಒಂದೇ ಒಂದು ಕ್ಷಣ —

ಹಸಿರು ಒತ್ತಿದೆ.

ಆ ಒಂದು ಮತ ನನ್ನದಲ್ಲ. ಯಾರದೋ. ಮಾಲ್ಟಾದ ಯಾರೋ ಪುಣ್ಯಾತ್ಮನದಿರಬಹುದು. ನೇಝಾಗೆ ಹೇಳಬೇಕು. ಎದ್ದ ಕೂಡಲೇ. ಇಲ್ಲ, ಸಾಲ್ಜ್‌ಬರ್ಗಿನಲ್ಲಿ ಊಟಕ್ಕೆ ನಿಲ್ಲಿಸಿದಾಗ. ಇಲ್ಲ, ಅವಳಿಗೆ ಬಸ್ಸು ಬಂದ ಮೇಲೆ, ಮೊದಲನೇ ದಿನ, ನಾನೇ ಬೆಟ್ಟಕ್ಕೆ ಹೋಗಿ —