ಒಬ್ಬರೇ ಕೂಡುವ ಹೆಲಿಕಾಪ್ಟರ್

ಆಲಮೇಲ
ತಾ. ೧೪-೩-೧೯೭೬

ಪ್ರೀತಿಯ ಅಣ್ಣಾ,

ನಿನ್ನ ತಂಗಿಯ ನಮಸ್ಕಾರ. ಪಠಾಣಕೋಟದ ಚಳಿಗೆ ನಿನ್ನ ಮೊಣಕಾಲು ನೋವು ಹೇಗಿದೆ? ಹೊತ್ತಿಗೆ ಸರಿಯಾಗಿ ಉಣ್ಣುತ್ತೀಯೋ, ಇಲ್ಲ ವಿಮಾನ ರಿಪೇರಿಯಲ್ಲಿ ಹಸಿವನ್ನೇ ಮರೆಯುತ್ತೀಯೋ? ಇಲ್ಲಿ ನಾವು ಕ್ಷೇಮ.

ನಮ್ಮ ಮನೆಯವರ ಹೆಲಿಕಾಪ್ಟರ್ ಕಣದಲ್ಲಿ ನಿಂತಿದೆ. ಪಂಪ್‌ಸೆಟ್ ರಿಪೇರಿ ಮಾಡುವ ಮನುಷ್ಯ ಎರಡು ವರ್ಷ ಗೋಡೆಯ ಮೇಲೆ ಇದ್ದಿಲಿನಿಂದ ಬರೆದು ಅಳಿಸಿದ್ದು ಈಗ ಮೂರು ಗಾಲಿಯ ಮೇಲೆ ಕಣ್ಣೆದುರಿಗಿದೆ ಎಂದರೆ ನನಗೇ ನಂಬಿಕೆ ಬರುವುದಿಲ್ಲ. ಕೊಳವೆಗಳ ಹಂದರ, ಬೆನ್ನಿಗೆ ಎಂಜಿನ್, ತಲೆಯ ಮೇಲೆ ಎರಡು ಮರದ ರೆಕ್ಕೆ, ಬಾಲಕ್ಕೆ ಚಿಕ್ಕದೊಂದು ಪಂಕ, ನಡುವೆ ಒಂದೇ ಕುರ್ಚಿ. ಕೂಡುವವರು ನಲವತ್ತೈದು ಕಿಲೋ ಮೀರಿದರೆ ಏಳುವುದಿಲ್ಲವೆಂದು ನೀನು ಲೆಕ್ಕ ಹಾಕಿ ಬರೆದೆಯಲ್ಲ, ಅಂದಿನಿಂದ ಇವರು ಒಪ್ಪೊತ್ತು ಉಣ್ಣುತ್ತಿದ್ದಾರೆ. ಅರವತ್ತೆರಡಿದ್ದವರು ಐವತ್ತೇಳಕ್ಕೆ ಇಳಿದಿದ್ದಾರೆ, ಗಲ್ಲ ಬತ್ತಿವೆ. ಹೀಗೇ ಆದರೆ ಹಾರುವ ಮೊದಲೇ ಹಾಸಿಗೆ ಹಿಡಿಯುತ್ತಾರೆಂದು ನನಗೆ ಹೆದರಿಕೆ.

ರೆಕ್ಕೆಯ ಸುದ್ದಿ ಕೇಳು. ಬಡಿಗತನದ ಮಶಾಕಸಾಬರಿಗೆ ಇವರು ಒಂದು ರೆಕ್ಕೆಯ ಚಿತ್ರ ಬರೆದುಕೊಟ್ಟು, ಇಂಥವು ಎರಡು ಬೇಕೆಂದಿದ್ದರು. ಅವಕ್ಕೆ ಅಗಸೆ ಎಣ್ಣೆ ಸವರುವ ಕೆಲಸ ನನ್ನ ಪಾಲಿಗೆ ಬಂತು. ಸವರುತ್ತಿದ್ದಂತೆ ಅಂಗೈಗೇ ತಪ್ಪು ಗೊತ್ತಾಯಿತು. ಒಂದರ ದಪ್ಪ ಅಂಚು ಬಲಕ್ಕಿದೆ, ಇನ್ನೊಂದರದು ಎಡಕ್ಕಿದೆ. ತಿರುಗಿಸಿದರೆ ಒಂದು ಮುಖ ಮುಂದೆ ಮಾಡಿ ಹೋಗುತ್ತದೆ, ಇನ್ನೊಂದು ಬೆನ್ನು ಮುಂದೆ ಮಾಡಿ. ಕೇಳಿದರೆ ಮಶಾಕಸಾಬರು, "ಜೋಡಿ ಬಾಗಲಾ ಮಾಡಿದ್ರ ಎಡಕೊಂದು ಬಲಕೊಂದು ಮಾಡ್ತೇವಿ ಯವ್ವಾ, ನಮ್ಮ ರೂಢಿ ಹಂಗ ಐತಿ. ಎರಡೂ ಒಂದ ನಮೂನಿ ಇರಬೇಕಂತ ಯಾರು ಹೇಳ್ಯಾರ?" ಎಂದರು. ಇವರು ನಕ್ಕರು. ಹೊಸದು ಕೆತ್ತಲು ಹನ್ನೆರಡು ದಿನ ಹಿಡಿಯಿತು.

ನಿನ್ನೆ ಮಧ್ಯಾಹ್ನ ನಾಲ್ಕೂ ಕಡೆ ಗೂಟಕ್ಕೆ ಹಗ್ಗ ಬಿಗಿದು ಎಂಜಿನ್ ಹಚ್ಚಿದರು. ಕಣದ ಹೊಟ್ಟು, ಧೂಳು ಎಲ್ಲ ಎದ್ದು ಬಿಸಿಲು ಮಸುಕಾಯಿತು. ಕೈಯಾರೆ ಎಣ್ಣೆ ಸವರಿದ ಕಟ್ಟಿಗೆ ಕಣ್ಣಿಗೆ ಕಾಣದಷ್ಟು ಜೋರಾಗಿ ತಿರುಗುತ್ತಿತ್ತು. ಇವರು ಕುಳಿತರು. ಗಾಲಿಗಳು ನಡುಗಿದವು, ನೆಲ ಬಿಡಲಿಲ್ಲ. ಇಳಿದು ಬಂದು ಮುಖ ಒರೆಸಿಕೊಂಡರು.

ಅತ್ತಿಗೆಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಮೈ ಜೋಪಾನ.

ನಿನ್ನ ತಂಗಿ,
ಸುಮಿತ್ರಾಬಾಯಿ

ತಾ.ಕ.: ಆಮೇಲೆ ನಾನು ಕುಳಿತೆ. ಅಡತಿ ಅಂಗಡಿಯ ತಕ್ಕಡಿಯಲ್ಲಿ ನನ್ನ ತೂಕ ನಲವತ್ತೆರಡು. ಇವರು ಬೇಡವೆನ್ನುವುದರೊಳಗೆ ಸೆರಗು ಸಿಕ್ಕಿಸಿ ಹತ್ತಿಬಿಟ್ಟೆ. ಅಣ್ಣಾ, ಅದು ಎದ್ದಿತು. ಹಗ್ಗ ಬಿಗಿಯುವವರೆಗೆ, ಆಳೆತ್ತರ. ಹದಿನಾಲ್ಕು ವರ್ಷ ಸಂಸಾರ ಮಾಡಿ ಮೊದಲ ಸಲ ಇವರ ನೆತ್ತಿ ನೋಡಿದೆ, ಕೂದಲು ಉದುರಿದೆ. ಅವ್ವನಿಗೆ ತಿಳಿಸಬೇಡ. ಯುಗಾದಿಗೆ ಹಗ್ಗ ಬಿಚ್ಚುತ್ತೇವೆ. ಬೇಡವೆಂದು ಬರೆಯಬೇಡ, ಇಳಿಸುವುದು ಹೇಗೆಂದು ಬರೆ.